ಮಳೆ ಬಿಟ್ಟಿತು, ಕಾರಂಜಿ ಬಿಡುವ ಮೊದಲು ಇಷ್ಟು ಮಾಡಿ

ಚೌತಿ ಗಣಪತಿ ನೀರಿಗೆ ಹೋದ ಮೇಲೆ ನಮ್ಮ ಮಂಗಳೂರು ಉಡುಪಿ ಕಡೆ ಮಳೆ ಸ್ವಲ್ಪ ಸ್ವಲ್ಪವೇ ಹಿಂದೆ ಸರೀತದೆ, ಆವಾಗ ಪಾರ್ಕ್ ನೋಡ್ಕೊಳ್ಳುವವರಿಗೆ, ಅಪಾರ್ಟ್‌ಮೆಂಟ್ ಕಮಿಟಿಯವರಿಗೆ ಎಲ್ಲ ಒಂದೇ ಗಡಿಬಿಡಿ, ದಸರಾ ರಜೆಗೆ ಮಕ್ಕಳು ಬರ್ತಾರೆ, ಕಾರಂಜಿ ಚಾಲೂ ಆಗ್ಬೇಕು, ನೀರಾಟದ ಜಾಗ ಓಪನ್ ಆಗ್ಬೇಕು ಅಂತ. ಆದ್ರೆ ನಾನು ಹೆಚ್ಚಿನ ಕಡೆ ನೋಡಿದ್ದು ಎಂತ ಅಂದ್ರೆ ಮೊದಲು ಬರೋದು ಪೇಂಟ್ ಡಬ್ಬ, ಆಮೇಲೆ ಕಲರ್ ಲೈಟು, ಪೈಪಿನ ಒಳಗೆ ಜೂನ್‌ನಿಂದ ನಿಂತ ನೀರು ಹಾಗೇ ಉಂಟು. ಸ್ವಿಚ್ ಹಾಕಿದ ಕೂಡ್ಲೆ ಮಕ್ಕಳ ಮುಖಕ್ಕೆ ಹಾರುವುದು ಆ ನೀರೇ. ಚಳಿ ದೇಶಗಳಲ್ಲಿ ನೀರು ಗಡ್ಡೆ ಕಟ್ಟಿ ಪೈಪ್ ಒಡೀತದೆ ಅಂತ ಸೀಸನ್ ಮುಗಿದ ಕೂಡ್ಲೆ ಎಲ್ಲ ಖಾಲಿ ಮಾಡ್ತಾರೆ, ನಮಗೆ ಆ ಹೆದರಿಕೆ ಇಲ್ಲ, ಹಾಗಾಗಿ ಬಿಟ್ಟು ಹೋಗ್ತೇವೆ. ಓಪನಿಂಗಿಗೆ ಕಮ್ಮಿ ಅಂದ್ರೂ ಹತ್ತು ದಿನ ಮೊದಲು ಕೆಲಸ ಶುರು ಮಾಡಿ.

ಮೊದಲು ಖಾಲಿ ಮಾಡುವುದು. ಟ್ಯಾಂಕ್, ಬೇಸಿನ್, ಪೈಪ್‌ಲೈನಿನ ಕೆಳಗಿನ ಡ್ರೈನ್ ವಾಲ್ವ್ ಎಲ್ಲ ಬಿಟ್ಟು ಒಂದು ಹನಿ ಉಳಿಯದ ಹಾಗೆ. ನೀರು ಹೋಯ್ತಲ್ಲ, ಸೊಳ್ಳೆ ಕಥೆ ಮುಗೀತು ಅಂತ ಅಂದ್ಕೊಳ್ಬೇಡಿ. ಡೆಂಗ್ಯೂ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಗೆ, ಆ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕ್ತದೆ, ಪುನಃ ನೀರು ತುಂಬಿಸಿದ್ರೆ ಒಂದು ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆ ರೆಡಿ. ಗಟ್ಟಿ ಬ್ರಶ್ಶಲ್ಲಿ ಗೋಡೆ ತಿಕ್ಕಲೇಬೇಕು. 2019ರ ಡೆಂಗ್ಯೂ ಮಂಗಳೂರಿನವರಿಗೆ ನೆನಪಿರ್ತದೆ, ಮಲೇರಿಯ ಅಂತೂ ಇಲ್ಲಿಗೆ ಹಳೇ ನೆಂಟ, ಅದರ ಸೊಳ್ಳೆಗೂ ಇಂಥ ತೊಟ್ಟಿಗಳೇ ಇಷ್ಟ.

ಹಾಗೇ ನೆಲದ ಪಾಚಿ. ನಾಲ್ಕು ತಿಂಗಳ ಮಳೆಗೆ ಇಂಟರ್‌ಲಾಕ್ ಮೇಲೆಲ್ಲ ಹಸಿರು ಹಿಡಿದಿರ್ತದೆ, ಪ್ರೆಶರ್ ವಾಶ್ ಮಾಡಿ, ಒಣಗಿದ ಮೇಲೆ ಬರಿಗಾಲಲ್ಲಿ ನೀವೇ ನಡೆದು ನೋಡಿ, ಒಡೆದ ಟೈಲ್ಸ್ ಕಾಲಿಗೆ ತಾಗಿದ್ರೆ ಗೊತ್ತಾಗ್ತದೆ. ಡ್ರೈನಿನ ಮುಚ್ಚಳ ಕೈಯಲ್ಲಿ ಅಲ್ಲಾಡಿಸಿ, ಸ್ಕ್ರೂ ತುಕ್ಕು ಹಿಡಿದು ಸಡಿಲ ಆಗಿದ್ರೆ ಅವತ್ತೇ ಬದಲಿಸಿ. ಪಂಪ್ ಎಳೆಯುವಾಗ ಮಕ್ಕಳ ಕೂದಲು, ಕೈ ಸಿಕ್ಕಿ ಹಾಕಿಕೊಳ್ಳುವುದು ಅಲ್ಲಿಯೇ.

ಇನ್ನು ಕರೆಂಟ್. ಇದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನನ್ನೇ ಕರೀಬೇಕು. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ಜಂಕ್ಷನ್ ಬಾಕ್ಸ್ ಒಳಗಿನ ಟರ್ಮಿನಲ್ ಹಸಿರು ಹಿಡಿದು ಪುಡಿ ಪುಡಿ ಆಗಿರ್ತದೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗುದಿಲ್ಲ. ಪ್ರತಿ ಕೇಬಲಿನ ಇನ್ಸುಲೇಶನ್ ಸರಿ ಉಂಟಾ ಅಂತ ಮೆಗ್ಗರ್ ಮೀಟರ್ ಹಾಕಿ ನೋಡ್ಬೇಕು, ಅರ್ತಿಂಗ್ ಅಳೀಬೇಕು, ನೀರೊಳಗಿನ ಲೈಟು 12 ವೋಲ್ಟಿನದ್ದೇ ಇರ್ಬೇಕು, ಪಂಪಿಗೂ ಲೈಟಿಗೂ ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು, ಅದರ ಟೆಸ್ಟ್ ಬಟನ್ ಒತ್ತಿದ ಕೂಡ್ಲೆ ಬೀಳ್ಬೇಕು. ನಾನು ಒಂದು ಕಡೆ ಹೋದಾಗ ಮಳೆಗೆ ಪದೇ ಪದೇ ಟ್ರಿಪ್ ಆಗ್ತದೆ ಅಂತ ಅದನ್ನು ಬೈಪಾಸ್ ಮಾಡಿ ಇಟ್ಟಿದ್ರು, ಪಕ್ಕದಲ್ಲೇ ಮಕ್ಕಳು ನೀರಲ್ಲಿ ಆಡ್ತಾ ಇದ್ರು, ಅದನ್ನು ನೆನೆಸಿದ್ರೆ ಈಗಲೂ ಕೈ ನಡುಗ್ತದೆ. ಟ್ರಿಪ್ ಆಗ್ತದೆ ಅಂದ್ರೆ ಎಲ್ಲಿಯೋ ಕರೆಂಟ್ ಲೀಕ್ ಉಂಟು ಅಂತ ಅರ್ಥ ಮಾರಾಯ್ರೆ, ಹುಡುಕಿ.

ಪಂಪಿನದ್ದು ಸುಲಭ. ಶಾಫ್ಟ್ ಕೈಯಲ್ಲಿ ತಿರುಗ್ತದಾ ನೋಡಿ, ಸ್ಟ್ರೈನರ್ ಬಾಸ್ಕೆಟಿನ ಕಸ ಎಲೆ ತೆಗೀರಿ, ನೀರಿಲ್ಲದೆ ಓಡಿಸ್ಬೇಡಿ, ಸೀಲ್ ಸುಟ್ಟು ಹೋಗ್ತದೆ. ನೀರು ಚಿಮ್ಮುವ ನಾಝಲ್ ಎಲ್ಲ ಕಳಚಿ ಸಿಟ್ರಿಕ್ ಆಸಿಡ್ ಹಾಕಿದ ನೀರಲ್ಲಿ ರಾತ್ರಿ ಇಡೀ ನೆನೆಸಿ, ಬೆಳಿಗ್ಗೆ ಚೆನ್ನಾಗಿ ತೊಳೀರಿ, ಯಾಕಂದ್ರೆ ಆಸಿಡ್ಡೂ ಬ್ಲೀಚಿಂಗೂ ಒಟ್ಟಾದ್ರೆ ವಿಷದ ಕ್ಲೋರಿನ್ ಗ್ಯಾಸ್ ಬರ್ತದೆ. ಸ್ಯಾಂಡ್ ಫಿಲ್ಟರ್ ಬ್ಯಾಕ್‌ವಾಶ್, ಅಂದ್ರೆ ನೀರು ಉಲ್ಟಾ ಹರಿಸಿ ತೊಳೆಯುವುದು, ಗಾಜಿನಲ್ಲಿ ತಿಳಿನೀರು ಕಾಣುವ ತನಕ.

ಈಗ ನೀರು ತುಂಬಿಸುವುದು. ಈ ಸಮಯಕ್ಕೆ ತುಂಬೆಯಲ್ಲಿ ನೇತ್ರಾವತಿ, ಬಜೆಯಲ್ಲಿ ಸ್ವರ್ಣೆ ತುಂಬಿರ್ತದೆ, ನೀರಿಗೆ ಬರ ಇಲ್ಲ. ಬಾವಿ ನೀರು ಹಾಕುವವರು ಜಾಗ್ರತೆ, ಮಳೆ ಬಿಟ್ಟ ಹೊಸತರಲ್ಲಿ ಬಾವಿಗೆ ಸುತ್ತಮುತ್ತಲ ಕೊಳೆ ಇಳಿದಿರ್ತದೆ, ಲ್ಯಾಬಿಗೆ ಕೊಟ್ಟು ನೋಡಿ.

ತುಂಬಿಸಿದ ಮೇಲೆ ಮೊದಲು ಶಾಕ್ ಡೋಸ್, 50 ಪಿಪಿಎಂ ಕ್ಲೋರಿನ್, ಅಂದ್ರೆ ಲೀಟರಿಗೆ 50 ಮಿಲಿಗ್ರಾಂ. ಹತ್ತು ಸಾವಿರ ಲೀಟರಿಗೆ 33 ಪರ್ಸೆಂಟಿನ ಹೊಸ ಬ್ಲೀಚಿಂಗ್ ಪೌಡರ್ ಸುಮಾರು ಒಂದೂವರೆ ಕಿಲೋ. ಹೊಸತು ಅಂತ ಯಾಕೆ ಹೇಳಿದ್ದು ಅಂದ್ರೆ ನಮ್ಮ ಹವೆಗೆ ಗೋಣಿಯಲ್ಲಿ ಮಳೆಗಾಲ ಕಳೆದ ಪೌಡರಲ್ಲಿ ಸತ್ವ ಉಳಿಯುದಿಲ್ಲ. ಪ್ಲಾಸ್ಟಿಕ್ ಬಕೆಟಿನ ನೀರಿಗೆ ಪೌಡರ್ ಹಾಕಿ, ಕದಡಿ, ಕೆಳಗೆ ಸುಣ್ಣ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹೊಯ್ಯಿರಿ, ಸುಣ್ಣ ಹೋದ್ರೆ ಈಗಷ್ಟೇ ತೊಳೆದ ನಾಝಲ್ ಪುನಃ ಕಟ್ಟಿಕೊಳ್ತದೆ. ಗ್ಲೌಸ್, ಕನ್ನಡಕ ಇರ್ಲಿ, ಗೇಟ್ ಬಂದ್ ಇರ್ಲಿ. ಪ್ರತಿ ನಾಝಲಲ್ಲಿ ಕ್ಲೋರಿನ್ ವಾಸನೆ ಬರುವ ತನಕ ಪಂಪ್ ಓಡಿಸಿ ನಿಲ್ಲಿಸಿ, 24 ಗಂಟೆ ಬಿಡಿ.

ಇಷ್ಟೆಲ್ಲ ಬೇಕಾ ಅಂತ ಕೇಳ್ತಾರೆ. ಪೈಪಿನೊಳಗೆ ಕೈಗೆ ಲೋಳೆ ಲೋಳೆ ಸಿಗುವ ಪದರ ಉಂಟಲ್ಲ, ಅದರೊಳಗೆ ಲೀಜಿಯೊನೆಲ್ಲಾ ಅಂತ ಬ್ಯಾಕ್ಟೀರಿಯ ಬೆಳೀತದೆ, ಅದಕ್ಕೆ ಹಿತ 25ರಿಂದ 45 ಡಿಗ್ರಿ ಬಿಸಿ, ಅಂದ್ರೆ ನಮ್ಮಲ್ಲಿ ವರ್ಷ ಇಡೀ ಇರುವ ಹವೆ. ಕಾರಂಜಿಯ ತುಂತುರು ಉಸಿರಲ್ಲಿ ಹೋದ್ರೆ ನ್ಯುಮೋನಿಯ, ಹಾಗಾಗಿ ದೂರ ನಿಂತು ನೋಡುವ ಕಾರಂಜಿಗೂ ಈ ಕೆಲಸ ತಪ್ಪಿದ್ದಲ್ಲ. ಪಕ್ಕದ ಕೇರಳದಲ್ಲಿ 2024ರಲ್ಲಿ, 2025ರಲ್ಲಿ ಮಕ್ಕಳ ಜೀವ ತೆಗೆದ ಮೆದುಳಿನ ಅಮೀಬಾ ಕೂಡ ಬೆಚ್ಚಗಿನ ಸಿಹಿನೀರಿನದ್ದು, ಮೂಗಿನಿಂದ ಹೋಗುವುದು. ಸರಿಯಾಗಿ ಕ್ಲೋರಿನ್ ಇರುವ ನೀರಲ್ಲಿ ಅದು ಉಳಿಯುದಿಲ್ಲ.

ಮಾರನೇ ದಿನ ಆ ನೀರನ್ನು ಸೀದಾ ತೋಡಿಗೆ ಬಿಡ್ಬೇಡಿ, ತೋಡು ಹೋಗಿ ಸೇರುವುದು ಹೊಳೆಗೆ, ಮೀನು ಸಾಯ್ತದೆ. ಹೈಪೋ, ಅಂದ್ರೆ ಸೋಡಿಯಂ ಥಯೋಸಲ್ಫೇಟ್ ಹಾಕಿ, ಕ್ಲೋರಿನ್ ಅಳೆಯುವ ಕಿಟ್ಟಿನಲ್ಲಿ ಸೊನ್ನೆ ತೋರಿಸಿದ ಮೇಲೆ ಬಿಡಿ. ಪುನಃ ತುಂಬಿಸಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಹೆಚ್, ಅಂದ್ರೆ ನೀರಿನ ಆಮ್ಲ ಕ್ಷಾರದ ಅಳತೆ, 7.2ರಿಂದ 7.8ರ ಒಳಗೆ ನಿಲ್ಲಿಸಿ. ಪಿಹೆಚ್ 8 ದಾಟಿದ್ರೆ ಕ್ಲೋರಿನ್ ಇದ್ದೂ ಸರಿಯಾಗಿ ಕೆಲಸ ಮಾಡುದಿಲ್ಲ, ಬ್ಲೀಚಿಂಗ್ ಪೌಡರ್ ಪಿಹೆಚ್ಚನ್ನು ಮೇಲೆ ತಳ್ತದೆ, ಎರಡನ್ನೂ ಒಟ್ಟಿಗೆ ನೋಡ್ಬೇಕು. ನೆಲದಿಂದ ಚಿಮ್ಮುವ ನೀರಾಟದಲ್ಲಿ ಅರ್ಧ ಗಂಟೆಗೊಮ್ಮೆ ಪೂರ್ತಿ ಟ್ಯಾಂಕ್ ಫಿಲ್ಟರಲ್ಲಿ ಹಾದು ಬರ್ಬೇಕು, ಅಂದ್ರೆ ಹತ್ತು ಸಾವಿರ ಲೀಟರಿಗೆ ಗಂಟೆಗೆ ಇಪ್ಪತ್ತು ಸಾವಿರದ ಪಂಪ್. ರೋಗಾಣು ಕೊಲ್ಲುವ ಯುವಿ ಲೈಟ್ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ 1 ಪಿಪಿಎಂ ಕ್ಲೋರಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ಬದುಕ್ತದೆ.

ಅದಕ್ಕೇ ಸಿಬ್ಬಂದಿಗೆ ಮೊದಲೇ ಹೇಳಿಕೊಡಿ, ಪುಟ್ಟ ಮಗು ನೀರಲ್ಲಿ ಕಕ್ಕ ಮಾಡಿದ್ರೆ ಯಾರನ್ನೂ ಬೈಯದೆ ಎಲ್ಲರನ್ನೂ ಹೊರಗೆ ಕಳಿಸಿ, ಪಿಹೆಚ್ 7.5ರ ಒಳಗಿಟ್ಟು, ಗಟ್ಟಿ ಇದ್ರೆ ತೆಗೆದು 2 ಪಿಪಿಎಂ ಕ್ಲೋರಿನ್ 25 ನಿಮಿಷ, ಭೇದಿ ಆದ್ರೆ 20 ಪಿಪಿಎಂ ಸುಮಾರು 13 ಗಂಟೆ, ಅಂದ್ರೆ ಅವತ್ತಿಗೆ ಬಂದ್. ಓಪನಿಂಗ್ ದಿನ ಬೆಳಿಗ್ಗೆ ಮಕ್ಕಳು ಬರುವ ಮೊದಲು ಅರ್ಧ ಗಂಟೆ ಎಲ್ಲ ನಾಝಲ್ ಬಿಡಿ, ಕಿಟ್ಟಲ್ಲಿ ನೋಡಿ, ಬಂದ ನಂಬ್ರ ಗೇಟಿನ ಬೋರ್ಡಲ್ಲಿ ಟೈಮ್ ಸಮೇತ ಬರೀರಿ, ಮತ್ತೆ ಎರಡು ಗಂಟೆಗೊಮ್ಮೆ ಅಳಿಸಿ ಹೊಸತು ಬರೀತಾ ಇರಿ, ತಂದೆ ತಾಯಿ ಓದ್ತಾರೆ.