ಗೋಲ್ಡ್‌ಫಿಶ್ ಮೈಮೇಲಿನ ಬೂಸ್ಟು

ಜುಲೈ ತಿಂಗಳ ಶಿರಸಿ ಮಳೆ. ಎರಡು ದಿನ ಕರೆಂಟ್ ಇರಲಿಲ್ಲ. ಹೀಟರ್ ಸುಮ್ನೆ ಕೂತಿತ್ತು, ಟ್ಯಾಂಕಿನ ನೀರು 21 ಡಿಗ್ರಿಗೆ ಇಳಿದಿತ್ತು. ಹಿಂದಿನ ವಾರವಷ್ಟೇ ಹುಬ್ಬಳ್ಳಿಯಿಂದ ಎರಡು ಹೊಸ ಗೋಲ್ಡ್‌ಫಿಶ್ ತಂದು, ಬೇರೆ ಇಟ್ಟು ನೋಡದೆ, ಹಳೆಯ ಎರಡರ ಜೊತೆಗೇ ಬಿಟ್ಟಿದ್ದೆ. ಕರೆಂಟ್ ಬರುವ ಹೊತ್ತಿಗೆ ನಾಲ್ಕೂ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ.

ಇದು ವೈಟ್ ಸ್ಪಾಟ್ ಎಂಬ ರೋಗ, ಒಂದು ಪರಾವಲಂಬಿ ಜೀವಿಯ ಕೆಲಸ ಎಂದು ಗೊತ್ತಿತ್ತು. ಆ ಪರಾವಲಂಬಿ ಚರ್ಮದ ಒಳಗೆ ಹೊಕ್ಕು ಬೆಳೆಯುತ್ತದೆ. ಬಲಿತ ಮೇಲೆ ಉದುರಿ ಟ್ಯಾಂಕಿನ ತಳ ಸೇರಿ, ಅಲ್ಲಿ ನೂರಾರು ಮರಿಗಳಾಗಿ ಒಡೆಯುತ್ತದೆ. ಔಷಧಿ ತಾಗುವುದು ಈಜಾಡುವ ಆ ಮರಿಗಳಿಗೆ ಮಾತ್ರ. ಹಾಗಾಗಿ ನೀರನ್ನು ನಿಧಾನಕ್ಕೆ 28 ಡಿಗ್ರಿಗೆ ಏರಿಸಿದೆ. ಬಿಸಿಗೆ ಅದರ ಸುತ್ತು ಬೇಗ ಮುಗಿಯುತ್ತದೆ. ಅಂಗಡಿಯ ಮಲಾಕೈಟ್ ಗ್ರೀನ್ ಔಷಧಿಯನ್ನೂ ಬಾಟಲಿಯ ಮೇಲಿದ್ದಂತೆ ಹಾಕಿದೆ. ಎಂಟನೇ ದಿನ ಒಂದು ಚುಕ್ಕೆಯೂ ಇರಲಿಲ್ಲ. ಮುಗಿಯಿತು ಅಂದುಕೊಂಡೆ.

ಹತ್ತನೇ ದಿನ ಹಳೆಯ ಮೀನಿನ ಪಕ್ಕೆಯಲ್ಲಿ ಹತ್ತಿಯ ಎಳೆಯಂಥದ್ದು ಕಂಡಿತು. ಬಾಲದ ರೆಕ್ಕೆ ಅಂಚಿನಲ್ಲಿ ಹರಿದು ಹಿಂಜಿಕೊಂಡಿತ್ತು. ಚುಕ್ಕೆಯೇ ಮರಳಿ ಬಂತೆಂದು ಹೆದರಿ ಔಷಧಿಯನ್ನು ಒಂದೂವರೆ ಪಟ್ಟು ಹಾಕಿದೆ. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಹೊಸದರಲ್ಲಿ ಒಂದು ಸತ್ತೇಹೋಯಿತು. ಅದು ನನ್ನದೇ ತಪ್ಪು.

ಕುಮಟಾದ ಭಾವನಿಗೆ ಫೋಟೋ ಕಳಿಸಿದೆ. ಹದಿನೈದು ವರ್ಷದಿಂದ ಮೀನು ಸಾಕಿದವನು. "ಇದು ಚುಕ್ಕೆ ಅಲ್ಲ ಮಾರಾಯಾ, ಬೂಸ್ಟು. ಮೊದಲು ಔಷಧಿ ಬಿಡು, ಅಮೋನಿಯಾ ನೋಡು" ಎಂದ. ಟೆಸ್ಟ್ ಕಿಟ್‌ನಲ್ಲಿ ನೀರು ಹಳದಿ ಬಿಟ್ಟು ಹಸಿರಿಗೆ ತಿರುಗಿತು, ಅಂದರೆ ಅಮೋನಿಯಾ ಏರಿದೆ. ಕರೆಂಟ್ ಇಲ್ಲದ ಎರಡು ದಿನ, ಮೇಲೆ ಔಷಧಿ, ಎರಡೂ ಸೇರಿ, ಮೀನಿನ ಹೊಲಸಿನ ಅಮೋನಿಯಾವನ್ನು ಕರಗಿಸುವ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸೊರಗಿದ್ದವು. ಪರಾವಲಂಬಿ ಹೊರಬಿದ್ದ ಕಡೆಯಲ್ಲೆಲ್ಲ ಮೀನಿನ ಚರ್ಮದಲ್ಲಿ ತೂತು. ಮೈಮೇಲಿನ ಲೋಳೆಯೂ ಹರಿದಿತ್ತು. ಆ ಹಸಿ ಗಾಯದ ಮೇಲೆ ಅಮೋನಿಯಾ ಬಿದ್ದರೆ ಉರಿಯದೇ ಇರುತ್ತದಾ?

ಈ ಬೂಸ್ಟು ನಮಗೆ ತೀರಾ ಹೊಸಬನೇನಲ್ಲ. ಅಡಿಕೆಗೆ ಕೊಳೆ ತರುವುದೂ ಮೀನಿಗೆ ಹತ್ತಿ ಕಟ್ಟುವುದೂ ಒಂದೇ ಗುಂಪಿನವು, ನೀರಿನಲ್ಲಿ ಹರಡುವ ಜಾತಿ. ಅದನ್ನು ಕೇಳಿದ ಪಕ್ಕದ ತೋಟದವರು "ಹಾಗಾದ್ರೆ ಚೂರು ಮೈಲುತುತ್ತ ಹಾಕು" ಅಂದರು. ಅಡಿಕೆ ಕೊಳೆಗೆ ಹೊಡೆಯುವ ಔಷಧಿಯಲ್ಲಿರುವ ತಾಮ್ರದ ಉಪ್ಪು ಅದು. ದಯವಿಟ್ಟು ಹಾಕಬೇಡಿ. ನಮ್ಮ ಕಡೆಯ ಬಾವಿ ನೀರು ಮೆದು, ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ವಿಷ ಮೀನಿಗೆ ಇನ್ನೂ ಜಾಸ್ತಿ ತಟ್ಟುತ್ತದೆ.

ನಾನು ಬಳಸಿದ್ದು ಉಪ್ಪು. ಅಡುಗೆಮನೆಯಲ್ಲಿ ಉಪ್ಪಿನಕಾಯಿಗೆಂದು ತಂದಿಟ್ಟ ಸಾಣಿಕಟ್ಟಾ ಹರಳುಪ್ಪು ಇತ್ತು. ಸಿಹಿನೀರು ಮೀನಿನ ಮೈಯ ಒಳಗೆ ಹೊರಗಿಗಿಂತ ಉಪ್ಪು ಹೆಚ್ಚು. ಚರ್ಮ ತೂತಾದರೆ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಅದನ್ನು ಹೊರಹಾಕುವುದರಲ್ಲೇ ಮೀನಿನ ಶಕ್ತಿ ಹೋಗುತ್ತದೆ. ಹೊರಗೂ ಸ್ವಲ್ಪ ಉಪ್ಪಿದ್ದರೆ ಆ ಕೆಲಸ ಹಗುರ. ಲೀಟರಿಗೆ 2 ಗ್ರಾಂ ಲೆಕ್ಕ. ನನ್ನ ಟ್ಯಾಂಕಿನಲ್ಲಿ 100 ಲೀಟರ್ ನೀರು, ಹಾಗಾಗಿ 200 ಗ್ರಾಂ. ಹರಳನ್ನು ಚೊಂಬಿನಲ್ಲಿ ಕರಗಿಸಿ, ತಳದ ಮಣ್ಣು ಬಿಟ್ಟು ತಿಳಿಯನ್ನಷ್ಟೇ, ಒಂದೂವರೆ ದಿನದಲ್ಲಿ ಮೂರು ಸಲ ಹಾಕಿದೆ. ಆಯಿ ಮಾತ್ರ ಉಪ್ಪಿನ ಡಬ್ಬಿ ಮುಚ್ಚಿಡು ಎಂದು ಗೊಣಗಿದಳು.

ದಿನಕ್ಕೆ 25 ಲೀಟರ್ ನೀರು ಬದಲಿಸುತ್ತಿದ್ದೆ. ಬಾವಿ ನೀರನ್ನು ರಾತ್ರಿಯೇ ಕೊಡಪಾನದಲ್ಲಿ ಒಳಗೆ ತಂದಿಟ್ಟು, ಬೆಳಿಗ್ಗೆ ಚೂರು ಬಿಸಿನೀರು ಬೆರೆಸಿ ಟ್ಯಾಂಕಿನ ನೀರಿಗೆ ಸಮ ಮಾಡಿಕೊಂಡು ಹಾಕುವುದು. ಇಲ್ಲಿ ಒಂದು ವಿಷಯ. ಉಪ್ಪು ಆವಿಯಾಗಿ ಹೋಗುವುದಿಲ್ಲ. ತೆಗೆದ 25 ಲೀಟರಿಗೆ ತಕ್ಕ 50 ಗ್ರಾಂ ಮಾತ್ರ ಮತ್ತೆ ಹಾಕಬೇಕು. ಪ್ರತಿ ಸಲ ಪೂರ್ತಿ ಅಳತೆ ಸುರಿದರೆ ವಾರದಲ್ಲಿ ಸಮುದ್ರವಾಗಿಬಿಡುತ್ತದೆ. ನೀರಿನ ಬಿಸಿಯನ್ನೂ ನಿಧಾನಕ್ಕೆ 25ಕ್ಕೆ ಇಳಿಸಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಯಕ್ಕೆ ಕೂರುವ ಕೆಲವು ಬ್ಯಾಕ್ಟೀರಿಯಾಗಳೂ ಚುರುಕಾಗುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಕೊಂಡು ಇಟ್ಟುಕೊಂಡೆ, ಊರಿನ ಕರೆಂಟನ್ನು ನಂಬುವ ಹಾಗಿಲ್ಲವಲ್ಲ.

ಬೂಸ್ಟು ಜಾಸ್ತಿ ಇದ್ದ ಮೀನನ್ನಷ್ಟೇ ಬೇರೆ ಟಬ್ಬಿನಲ್ಲಿಟ್ಟು ಮೆಥಿಲೀನ್ ಬ್ಲೂ ಕೊಟ್ಟೆ. ಅದನ್ನು ಟ್ಯಾಂಕಿಗೇ ಹಾಕಿದ್ದರೆ ಫಿಲ್ಟರಿಗೆ ಮತ್ತೆ ಪೆಟ್ಟು, ಗಾಜು ಅಂಟಿಸಿದ ಸಿಲಿಕಾನ್ ಕೂಡ ನೀಲಿ. ನಾಲ್ಕನೇ ದಿನಕ್ಕೆ ಎಳೆ ಕಳಚಿತು. ಊಟ ಎರಡು ದಿನಕ್ಕೊಮ್ಮೆ, ಅದೂ ಸಿಪ್ಪೆ ತೆಗೆದ ಬೆಂದ ಬಟಾಣಿ ಚೂರು. ಮನುಷ್ಯರ ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ಹಾಕಿ ಎಂದವರೂ ಇದ್ದರು, ಹಾಕಲಿಲ್ಲ. ಗಾಯ ಕೆಂಪಾಗಿ ಹರಡಿದ್ದರೆ ಪಶುವೈದ್ಯರ ಹತ್ತಿರ ಹೋಗುತ್ತಿದ್ದೆ.

ಎರಡು ವಾರ ಕಳೆದ ಮೇಲೆ ಇನ್ನೊಂದು ಗಾಬರಿ. ಕಿತ್ತಳೆ ಮೈಮೇಲೆ, ಗಾಯವಿದ್ದ ಜಾಗದಲ್ಲೇ, ಮಸಿ ಒರೆಸಿದ ಹಾಗೆ ಕಪ್ಪು ಕಲೆ. ಔಷಧಿ ಬಾಟಲಿಗೆ ಕೈ ಹೋಗಿತ್ತು. ಭಾವ ನಕ್ಕ. ಗೋಲ್ಡ್‌ಫಿಶ್‌ನ ಚರ್ಮ ಮಾಯುವಾಗ ಕಪ್ಪು ಬಣ್ಣದ ಕಣಗಳು ಅಲ್ಲಿಗೆ ಬಂದು ಸೇರುತ್ತವಂತೆ, ತಾನಾಗಿ ಮಾಸುತ್ತದಂತೆ. ಆಯಿ ಅದಕ್ಕೆ ದೃಷ್ಟಿಬೊಟ್ಟು ಎಂದಳು. ಚೌತಿ ಹೊತ್ತಿಗೆ ಕಲೆ ಹೋಗಿತ್ತು. ಬಾಲದ ಅಂಚಿನ ಒಂದು ಕಚ್ಚು ಮಾತ್ರ ಇನ್ನೂ ತುಂಬಿಲ್ಲ.