7 ಕಿಲೋವ್ಯಾಟ್ ಸಾಕು ಅಂದಾಗ ಎಲ್ಲರೂ ನಕ್ಕಿದ್ದರು

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ನಮ್ಮ ಮನೆ 1996ರದ್ದು. ಸುಮಾರು 140 ಚದರ ಮೀಟರ್, ಎರಡೂ ಮಹಡಿಯಲ್ಲಿ ನೆಲದೊಳಗೆ ಬಿಸಿನೀರಿನ ಪೈಪು. ಗ್ಯಾಸ್ ಬಾಯ್ಲರ್‌ಗೂ ಮನೆಯಷ್ಟೇ ವಯಸ್ಸು. 2024ರಲ್ಲಿ ಅದನ್ನು ಕಿತ್ತು ಹೀಟ್ ಪಂಪ್ ಹಾಕಿಸಲು ಹೊರಟೆ, ಅಂದರೆ ಹೊರಗಿನ ಗಾಳಿಯ ಶಾಖವನ್ನು ಕರೆಂಟಿನಿಂದ ಎಳೆದು ಮನೆಯ ನೀರು ಕಾಯಿಸುವ ಮೆಷಿನ್. ಹಾಕಿಕೊಡಲು ಬಂದ ಮೂವರಲ್ಲಿ ಇಬ್ಬರು 12 ಕಿಲೋವ್ಯಾಟ್ ಬೇಕೇ ಬೇಕು ಅಂದರು. ಒಬ್ಬನಂತೂ ಹಳೇ ಬಾಯ್ಲರ್ ಮೇಲಿನ ಚೀಟಿ ಓದಿ ಹತ್ತೇ ನಿಮಿಷದಲ್ಲಿ ಹೇಳಿಬಿಟ್ಟ, 38 ಸಾವಿರ ಯೂರೋ.

ನನ್ನ ಲೆಕ್ಕ ಗ್ಯಾಸ್ ಬಿಲ್ಲಿನದು. ವರ್ಷಕ್ಕೆ ಹೆಚ್ಚುಕಮ್ಮಿ 18 ಸಾವಿರ ಯೂನಿಟ್ (ಕಿಲೋವ್ಯಾಟ್ ಅವರ್). ಬಾಯ್ಲರ್ ತಿಂದ ಹತ್ತು ಪರ್ಸೆಂಟ್ ಬಿಡಿ, ಸ್ನಾನದ ನೀರಿಗೆ 2,500 ಕಳೆಯಿರಿ, ಉಳಿದದ್ದನ್ನು 2,000 ಗಂಟೆಯಿಂದ ಭಾಗಿಸಿ, ವರ್ಷದಲ್ಲಿ ಮೆಷಿನ್ ಪೂರ್ತಿ ಶಕ್ತಿಯಲ್ಲಿ ಓಡಿದಂತೆ ಹಿಡಿಯುವ ಗಂಟೆ ಅಷ್ಟು. ಏಳರ ಹತ್ತಿರ ಬರುತ್ತದೆ. "ಮೈನಸ್ 12 ಆದಾಗ ಮಕ್ಕಳನ್ನ ಎಲ್ಲಿ ಮಲಗಿಸ್ತೀರಿ ಸಾರ್?" ಅಂತ ನಮ್ಮ ಕನ್ನಡದ ಗೆಳೆಯರೇ ಕಾಲೆಳೆದರು. ಆದರೆ ಮೈನಸ್ 12 ಇಲ್ಲಿ ಎಷ್ಟು ದಿನ ಇರುತ್ತೆ? ಹೊರಗೆ 7 ಡಿಗ್ರಿ ಇದ್ದಾಗ ಮನೆಗೆ ಮೂರು ಕಿಲೋವ್ಯಾಟ್ ಸಾಕು, 12 ಕಿಲೋವ್ಯಾಟ್ ಅಂದವನು ತೋರಿಸಿದ ಮೆಷಿನ್ ನಾಲ್ಕೂವರೆಗಿಂತ ಕೆಳಗೆ ಇಳಿಯುವುದೇ ಇಲ್ಲ. ದಿನವಿಡೀ ಆನ್ ಆಫ್, ಆನ್ ಆಫ್. ಹಾಗಾಗಿ ನಾನು ಬ್ರೋಷರ್‌ನಲ್ಲಿ ನೋಡಿದ್ದು ಎರಡೇ: ಕನಿಷ್ಠ ಎಷ್ಟಕ್ಕೆ ಇಳಿಯುತ್ತೆ, 35 ಡಿಗ್ರಿ ನೀರಿಗೆ ಸಿಒಪಿ ಎಷ್ಟು, ಅಂದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ. 55 ಡಿಗ್ರಿ ನೀರಿನ ಅಂಕಣ ನೆಲದ ಪೈಪಿಗೆ ಬೇಡ.

ಮೆಷಿನ್ ಒಳಗೆ ಶಾಖ ಹೊರುವ ಗ್ಯಾಸ್ ಆರ್290 (ಪ್ರೊಪೇನ್) ಇರುವುದನ್ನೇ ಆರಿಸಿದೆ, 2024ರಲ್ಲಿ ಅದಕ್ಕೆ ಸಬ್ಸಿಡಿ ಐದು ಪರ್ಸೆಂಟ್ ಜಾಸ್ತಿ ಸಿಗುತ್ತಿತ್ತು. ಮೂಲ 30, ಹಳೇ ಬಾಯ್ಲರ್ ತೆಗೆದದ್ದಕ್ಕೆ 20, ಒಟ್ಟು 55. ಕೆಎಫ್‌ಡಬ್ಲ್ಯೂ (ಸಬ್ಸಿಡಿ ಕೊಡುವ ಸರ್ಕಾರಿ ಬ್ಯಾಂಕ್) ಆಗ ಲೆಕ್ಕ ಹಿಡಿಯುತ್ತಿದ್ದುದು 30 ಸಾವಿರ ಯೂರೋ ಖರ್ಚಿನವರೆಗೆ ಮಾತ್ರ, ಅದರ ಮೇಲಿನದೆಲ್ಲ ನಮ್ಮ ಜೇಬಿಂದಲೇ. ನನ್ನದು 27 ಸಾವಿರಕ್ಕೆ ಮುಗಿಯಿತು, ಕೈಯಿಂದ ಹೋದದ್ದು 12 ಸಾವಿರ ಚಿಲ್ಲರೆ.

ಆದರೂ ಮೊದಲ ಚಳಿಗಾಲ ಮರ್ಯಾದೆ ಹೋಯಿತು. ಸಿಒಪಿಯ ವರ್ಷದ ಸರಾಸರಿ 3.2 ಬಂತು, ದಿನಕ್ಕೆ ಮೂವತ್ತು ಸಲ ಸ್ಟಾರ್ಟ್. ತಪ್ಪು ಅರ್ಧ ಹಾಕಿಕೊಟ್ಟವರದು, ಅರ್ಧ ನನ್ನದು. ಹೀಟಿಂಗ್ ಕರ್ವ್, ಅಂದರೆ ಹೊರಗೆ ಎಷ್ಟು ಚಳಿಗೆ ನೀರು ಎಷ್ಟು ಬಿಸಿ ಅನ್ನೋ ಸೆಟ್ಟಿಂಗ್, ಫ್ಯಾಕ್ಟರಿಯಿಂದ ಬಂದ ಹಾಗೇ ಬಿಟ್ಟು ಹೋಗಿದ್ದರು, ನೀರು 44 ಡಿಗ್ರಿಗೆ ಓಡುತ್ತಿತ್ತು, ರೂಮಿನ ಥರ್ಮೋಸ್ಟಾಟ್‌ಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು, ಮೆಷಿನ್‌ಗೆ ಉಸಿರು ಬಿಡಲು ಜಾಗವಿಲ್ಲ. ನನ್ನ ತಪ್ಪು ಬಫರ್ ಟ್ಯಾಂಕ್, ಮೆಷಿನ್‌ಗೂ ನೆಲಕ್ಕೂ ಮಧ್ಯೆ ಬಿಸಿನೀರು ತುಂಬಿಡುವ ತೊಟ್ಟಿ. "ಇರಲಿ ಸೇಫ್ಟಿಗೆ" ಅಂದರು, 1,100 ಯೂರೋ ಕೊಟ್ಟೆ. ಒಳಗೆ ನೀರು ಬೆರೆತು, ಮೆಷಿನ್ 36 ಕೊಟ್ಟರೆ ನೆಲಕ್ಕೆ 33 ಹೋಗುತ್ತಿತ್ತು. ನೀರು ಒಂದು ಡಿಗ್ರಿ ಜಾಸ್ತಿ ಕಾಯಿಸಿದರೆ ಎರಡೂವರೆ ಪರ್ಸೆಂಟ್ ಕರೆಂಟ್ ಜಾಸ್ತಿ, ನೀವೇ ಲೆಕ್ಕ ಹಾಕಿ. ಈಗ ಅದನ್ನು ಲೈನಿಂದ ತೆಗೆಸಿದ್ದೇನೆ, ಅದರ ಮೇಲೆ ಊರಿಂದ ತಂದ ಉಪ್ಪಿನಕಾಯಿ ಜಾಡಿ ಕೂತಿದೆ.

ಎರಡನೇ ವರ್ಷ ಎಲ್ಲ ಥರ್ಮೋಸ್ಟಾಟ್ ಪೂರ್ತಿ ತೆರೆದಿಟ್ಟೆ, ರಾತ್ರಿ ಬಿಸಿ ಇಳಿಸುವುದನ್ನು ನಿಲ್ಲಿಸಿದೆ, ಕರ್ವ್ ಇಳಿಸುತ್ತಾ ಬಂದೆ. ಅವಸರಪಟ್ಟು ಒಂದೇ ದಿನ ನಾಲ್ಕು ಡಿಗ್ರಿ ಇಳಿಸಿದಾಗ ಹೆಂಡತಿ ಮಂಕಿ ಕ್ಯಾಪ್ ಹಾಕಿಕೊಂಡೇ ಅಡುಗೆ ಮಾಡಿದಳು, ಮಾತಿಲ್ಲ ಕತೆಯಿಲ್ಲ. ನೆಲ ಬಿಸಿಯಾಗಲು ಒಂದು ದಿನ ಬೇಕು, ಒಂದು ಡಿಗ್ರಿ ಇಳಿಸಿ ಎರಡು ದಿನ ಕಾಯಬೇಕು. ಒಂಬತ್ತು ಲೂಪ್‌ಗಳನ್ನು ಒಂದೇ ಶನಿವಾರದಲ್ಲಿ ಬ್ಯಾಲೆನ್ಸ್ ಮಾಡಿದ್ದು, ಅಂದರೆ ನೆಲದ ಪ್ರತಿ ಪೈಪು ಸುತ್ತಿಗೂ ಸರಿಯಾದಷ್ಟೇ ನೀರು ಹೋಗುವ ಹಾಗೆ ಮಾಡಿದ್ದು, ಹೇಗೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಮನೆಗೆ ಬಂದು ಕಾಫಿ ಕುಡಿದವರಿಗೆ ಹೇಳುತ್ತೇನೆ. ಈಗ ಹೊರಗೆ ಸೊನ್ನೆ ಇದ್ದರೂ ನೀರು 31, ದಿನಕ್ಕೆ ಎರಡು ಮೂರು ಸ್ಟಾರ್ಟ್, ಸರಾಸರಿ 4.4 ಹತ್ತಿರ. ವರ್ಷಕ್ಕೆ ಎರಡು ಸಾವಿರ ಯೂರೋ ಇದ್ದ ಬಿಲ್ಲು ಸಾವಿರಕ್ಕೆ ಬಂತು. ಸ್ನಾನದ ನೀರು ಕಾಯಿಸುವುದು ಮಧ್ಯಾಹ್ನ ಎರಡಕ್ಕೆ, ಹೊರಗಿನ ಗಾಳಿ ಆಗಲೇ ಬೆಚ್ಚಗಿರೋದು.

ಇನ್ನೊಂದು ಲಾಭ ಯಾವ ಬ್ರೋಷರ್‌ನಲ್ಲೂ ಇಲ್ಲ. ಜನವರಿಯಲ್ಲಿ ಇಲ್ಲಿ ದೋಸೆ ಹಿಟ್ಟು ಹುದುಗುವುದಿಲ್ಲ ಅಲ್ವಾ, ಪೈಪುಗಳೆಲ್ಲ ಸೇರುವ ಗೋಡೆಯ ಡಬ್ಬಿಯೊಳಗೆ ಪಾತ್ರೆ ಇಟ್ಟರೆ ಬೆಳಿಗ್ಗೆ ಮುಚ್ಚಳ ಎತ್ತಿಕೊಂಡು ಬಂದಿರುತ್ತೆ.

ಹೋದ ಬೇಸಿಗೆ ಅದೇ ಪೈಪಿಗೆ 18 ಡಿಗ್ರಿ ನೀರು ಬಿಟ್ಟು ನೆಲ ತಣ್ಣಗೆ ಮಾಡಲು ಹೋದೆ. ಹಾಲ್ ಚೆನ್ನಾಗೇ ಇತ್ತು, ಬಚ್ಚಲ ಬಾಗಿಲ ಹತ್ತಿರ ನೆಲ ಬೆವರಿ ಮಗ ಜಾರಿ ಬಿದ್ದ. ಈ ಸಲ 20ರಿಂದ ಶುರು ಮಾಡುತ್ತೇನೆ, ಹ್ಯುಮಿಡಿಟಿ ಮೀಟರ್ ಆರ್ಡರ್ ಮಾಡಿದ್ದೇನೆ.