ಎರಡನೇ ಸಲ ಅಡ್ಮಿಷನ್ ಮಾಡಿಸುವಾಗ ನಾನು ಕೇಳಿದ ಪ್ರಶ್ನೆಗಳು

ನಾನು ಓದಿದ್ದು ತಿಪಟೂರಿನ ಸರ್ಕಾರಿ ಶಾಲೆಯಲ್ಲಿ. ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿದರು. ಬಲಗೈ ತಲೆ ಮೇಲಿಂದ ತಂದು ಎಡಕಿವಿ ಮುಟ್ಟು ಅಂದರು, ಮುಟ್ಟಿದೆ, ಹೆಸರು ಬರೆದುಕೊಂಡರು. ಮುಗೀತು ಅಡ್ಮಿಷನ್. ಅಂಥ ನಾನು ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬೆಂಗಳೂರಿನಲ್ಲಿ ಹನ್ನೊಂದು ಶಾಲೆ ಸುತ್ತಿದೆ. ಎಕ್ಸೆಲ್ ಶೀಟ್ ಬೇರೆ ಮಾಡಿಕೊಂಡಿದ್ದೆ.

ಇಂಟರ್‌ನ್ಯಾಷನಲ್ ಸ್ಕೂಲೇ ಯಾಕಮ್ಮ ಅಂತ ನಮ್ಮತ್ತೆ ಎಷ್ಟು ಸಲ ಕೇಳಿದರೋ. ಕಾರಣ ಇಷ್ಟೇ. ನಮ್ಮ ಯಜಮಾನರನ್ನು ಕಂಪನಿಯವರು ಮೂರು ವರ್ಷ ಆಮ್‌ಸ್ಟರ್‌ಡ್ಯಾಮ್‌ಗೆ ಕಳಿಸುವ ಮಾತು ನಡೆದಿತ್ತು. ಹೋದ ಕಡೆಯೂ ಅದೇ ಪಠ್ಯಕ್ರಮ ಸಿಗಲಿ ಅನ್ನೋದು ನಮ್ಮ ಲೆಕ್ಕ. ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ ಅನ್ನೋ ಪಠ್ಯಕ್ರಮ, 1968ರಲ್ಲಿ ಜಿನೀವಾದಲ್ಲಿ ಶುರುವಾದದ್ದೂ ದೇಶ ದೇಶ ತಿರುಗುವವರ ಮಕ್ಕಳನ್ನು ನೆನಸಿಕೊಂಡೇ. ಹಾಗಾಗಿ ಐಬಿಯೇ ಇರಲಿ ಅಂದುಕೊಂಡೆವು.

ಮೊದಲು ಒಪ್ಪಿಕೊಂಡ ಶಾಲೆಯಲ್ಲಿ ಸ್ವಿಮ್ಮಿಂಗ್ ಪೂಲ್ ಇತ್ತು, ಒಳ್ಳೇ ಕಾಫಿ ಕೊಟ್ಟರು, ಕೌನ್ಸೆಲರ್ ನಗುನಗುತ್ತಾ "ನಮ್ದು ಐಬಿ ಮೇಡಂ" ಅಂದರು. ಒಂದೂವರೆ ಲಕ್ಷ ಅಡ್ಮಿಷನ್ ಫೀಸು ಕಟ್ಟಿ ಬಂದೆವು. ಎರಡು ತಿಂಗಳಾದ ಮೇಲೆ ಅಪಾರ್ಟ್‌ಮೆಂಟಿನ ಗೆಳತಿಯೊಬ್ಬಳು "ಐಬಿ ವೆಬ್‌ಸೈಟಲ್ಲಿ ಹೆಸರು ಹುಡುಕಿದ್ಯಾ?" ಅಂದಳು. ಹುಡುಕಿದೆ. ಅದು ಇನ್ನೂ ಕ್ಯಾಂಡಿಡೇಟ್ ಸ್ಕೂಲ್. ಅಂದರೆ ಮಾನ್ಯತೆಗೆ ಅರ್ಜಿ ಹಾಕಿ ತಯಾರಿ ನಡೆಸುತ್ತಿರುವ ಶಾಲೆ. ಮಾನ್ಯತೆ ಬರಬಹುದು, ಬರದೆಯೂ ಇರಬಹುದು. ಸಿಟ್ಟಿನಿಂದ ಬ್ರೋಷರ್ ತೆಗೆದು ನೋಡಿದರೆ ಕೊನೇ ಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅದನ್ನೇ ಬರೆದಿದ್ದಾರೆ! ದುಡ್ಡು ವಾಪಸ್ ಕೇಳಿದ್ದಕ್ಕೆ ರಸೀದಿಯ ಹಿಂಭಾಗ ತೋರಿಸಿದರು. ನಾನ್ ರಿಫಂಡಬಲ್. ನಮ್ಮತ್ತೆ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಎರಡನೇ ಸಲ ಕಾಫಿ ಕುಡಿಯದೆ ಪ್ರಶ್ನೆ ಕೇಳಿದೆ.

ಮೊದಲನೆಯದು ಮಾನ್ಯತೆ. ಬೋರ್ಡಿನ ಮೇಲೆ 'ಇಂಟರ್‌ನ್ಯಾಷನಲ್' ಅಂತ ಇದ್ದರೆ ಒಳಗೆ ಐಬಿಯೋ ಬ್ರಿಟನ್ನಿನ ಕೇಂಬ್ರಿಡ್ಜ್ ಪಠ್ಯಕ್ರಮವೋ ಇರಲೇಬೇಕು ಅಂತೇನಿಲ್ಲ. ಆ ಹೆಸರಿಟ್ಟುಕೊಂಡು ಸಿಬಿಎಸ್‌ಇ ಕಲಿಸುವ ಶಾಲೆಗಳು ನಮ್ಮ ಸುತ್ತಮುತ್ತಲೇ ಬೇಕಾದಷ್ಟಿವೆ. ಅದು ತಪ್ಪಲ್ಲ, ಆದರೆ ಗೊತ್ತಿರಬೇಕು. ಐಬಿಯಲ್ಲೂ ಒಂದೊಂದು ಹಂತಕ್ಕೆ ಬೇರೆ ಬೇರೆ ಮಾನ್ಯತೆ. ಐದನೇ ಕ್ಲಾಸಿನವರೆಗೆ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಂ), ಆಮೇಲೆ ಹತ್ತರವರೆಗೆ ಎಂವೈಪಿ (ಮಿಡಲ್ ಇಯರ್ಸ್ ಪ್ರೋಗ್ರಾಂ), ಹನ್ನೊಂದು ಹನ್ನೆರಡಕ್ಕೆ ಡಿಪ್ಲೊಮಾ. ಒಂದಕ್ಕೆ ಮಾನ್ಯತೆ ಇದ್ದು ಇನ್ನೊಂದಕ್ಕೆ ಇಲ್ಲದ ಶಾಲೆಗಳಿವೆ. ಒಂಬತ್ತು ಹತ್ತಕ್ಕೆ ಬಂದಾಗ ಕೇಂಬ್ರಿಡ್ಜಿನ ಹತ್ತನೇ ಕ್ಲಾಸಿನ ಮಟ್ಟದ ಪರೀಕ್ಷೆ ಐಜಿಸಿಎಸ್‌ಇಗೆ ಹಾಯುವ ಶಾಲೆಗಳೂ ಇವೆ. "ಐಬಿ ಇದ್ಯಾ" ಅಂತ ಕೇಳಿದರೆ ಸಾಲದು, "ಯಾವ ಕ್ಲಾಸಿಂದ ಯಾವ ಕ್ಲಾಸಿಗೆ" ಅಂತ ಕೇಳಬೇಕು.

ಹನ್ನೆರಡರ ನಂತರ ಏನು ಅಂತಲೂ ಕೇಳಿದೆ. ಆರು ವರ್ಷದ ಮಗೂಗೆ ಇದೆಲ್ಲ ಯಾಕೆ ಅಂತ ಯಜಮಾನರು ನಕ್ಕರು. ಆದರೆ ಅಲ್ಲಿ ಸಿಕ್ಕ ಉತ್ತರ ನೋಡಿ. ಡಿಪ್ಲೊಮಾದಲ್ಲಿ ಆರು ವಿಷಯ. ಅದರಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ವಿಜ್ಞಾನ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು ಅಂದರೆ ಶಾಲೆಯವರು ಐಬಿ ಹತ್ತಿರ ವಿಶೇಷ ಅನುಮತಿ ಕೇಳಬೇಕು. ಮಗು ಮುಂದೆ ಡಾಕ್ಟರ್ ಆಗ್ತೀನಿ ಅಂದರೆ ನೀಟ್‌ಗೆ ಆ ಮೂರೂ ಬೇಕಲ್ವಾ? ಮೇ ಪರೀಕ್ಷೆಯ ಫಲಿತಾಂಶ ಬರುವುದೂ ಜುಲೈ ಮೊದಲ ವಾರದಲ್ಲಿ. ಇಲ್ಲಿನ ಕಾಲೇಜುಗಳಲ್ಲಿ ಅಷ್ಟು ಹೊತ್ತಿಗೆ ಓಡಾಟ ಶುರುವಾಗಿರುತ್ತದೆ. ಒಂದು ಶಾಲೆಯವರು ಮಾತ್ರ ಇದನ್ನು ಮುಚ್ಚಿಡದೆ ಹೇಳಿದರು. ಶೀಟಿನಲ್ಲಿ ಅವರ ಹೆಸರಿಗೆ ಹಸಿರು ಬಣ್ಣ ಹಚ್ಚಿದೆ.

ಫೀಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಾಯಲ್ಲಿ ಹೇಳಿದ್ದು ಆರು ಲಕ್ಷ. ಬಸ್ಸು, ಊಟ, ಡಿಪಾಸಿಟ್ಟು, ಟ್ರಿಪ್ಪು ಎಲ್ಲ ಸೇರಿ ಮೊದಲ ವರ್ಷ ಏಳು ಲಕ್ಷ ತೊಂಬತ್ತು ಸಾವಿರ ಆಯಿತು. ಹಿಂದಿನ ಮೂರು ವರ್ಷದ ಫೀಸಿನ ಸರ್ಕ್ಯುಲರ್ ಕೇಳಿ ಪಡೆದಿದ್ದೆ. ವರ್ಷಾ ವರ್ಷಾ ಎಷ್ಟು ಏರುತ್ತದೆ ಅನ್ನೋದು ಅದರಲ್ಲೇ ಕಾಣುತ್ತದೆ.

ಕನ್ನಡದ ಬಗ್ಗೆಯೂ ಕೇಳಿದೆ. ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಬೇಕು ಅಂತ 2015ರ ಕಾಯ್ದೆಯೇ ಇದೆ. ಆದರೂ ಒಂದು ಕಡೆ "ವಾರಕ್ಕೆ ಒಂದು ಪೀರಿಯಡ್, ಫನ್ ಆಕ್ಟಿವಿಟಿ ಥರ" ಅಂದರು. ಅಜ್ಜಿ ಜೊತೆ ಮಾತಾಡುವ ಭಾಷೆ ಆಕ್ಟಿವಿಟಿ ಆಗಿಬಿಟ್ಟರೆ ಹೇಗೆ? ಆ ಸಾಲನ್ನು ಶೀಟಿನಿಂದಲೇ ತೆಗೆದೆ.

ಕೊನೆಗೆ ಎರಡು ಶಾಲೆ ಉಳಿದವು. ಎರಡೂ ಕಡೆ ಮೂರನೇ ಕ್ಲಾಸಿನ ಯಾವುದಾದರೂ ಮಗುವಿನ ನೋಟ್‌ಬುಕ್ ತೋರಿಸಿ ಅಂದೆ. ಒಂದು ಕಡೆ ಗೋಡೆ ಮೇಲಿನ ಚಾರ್ಟ್‌ಗಳನ್ನು ತೋರಿಸಿದರು, ನೋಟ್‌ಬುಕ್ ಬರಲೇ ಇಲ್ಲ. ಇನ್ನೊಂದು ಕಡೆ ಕೋಆರ್ಡಿನೇಟರ್ ಹೆಸರಿನ ಜಾಗ ಬೆರಳಲ್ಲಿ ಮುಚ್ಚಿಕೊಂಡು ಒಂದು ಪುಸ್ತಕ ತೆರೆದರು. 'ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?' ಅನ್ನೋ ಪ್ರಶ್ನೆ. ಮಗು ಟ್ಯಾಂಕರಿನಿಂದ ಅಂತ ಬರೆದಿತ್ತು. ಟೀಚರ್ ರೈಟೂ ಹಾಕಿಲ್ಲ, ತಪ್ಪೂ ಹಾಕಿಲ್ಲ. ಕೆಳಗೆ ಪೆನ್ಸಿಲ್ಲಿನಲ್ಲಿ 'ಟ್ಯಾಂಕರಿಗೆ ಎಲ್ಲಿಂದ?' ಅಂತ ಬರೆದಿದ್ದರು. ಮಗು ಮುಂದಿನ ಪುಟದಲ್ಲಿ ಬೋರ್‌ವೆಲ್ಲಿನ ಚಿತ್ರ ಬಿಡಿಸಿತ್ತು, ಅದರ ಕೆಳಗೆ ಮತ್ತೆ ಪೆನ್ಸಿಲ್: 'ಬೋರ್‌ವೆಲ್ಲಿಗೆ?' ನಾಲ್ಕು ಪುಟ ಹೀಗೇ ಹೋಗಿತ್ತು. ನಾನು ಅಲ್ಲೇ ನಿಂತು ನಾಲ್ಕನ್ನೂ ಓದಿದೆ.

ಆದರೂ ಆ ದಿನ ದುಡ್ಡು ಕಟ್ಟಲಿಲ್ಲ, ಒಂದೂವರೆ ಲಕ್ಷದ ಪಾಠ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ವರ್ತೂರು ಕೋಡಿಯಿಂದ ಅವರ ಸ್ಕೂಲ್ ಬಸ್ಸಿನ ಹಿಂದೆ ಆಕ್ಟಿವಾ ಓಡಿಸಿಕೊಂಡು ಹೋದೆ. ಇಪ್ಪತ್ತೈದು ನಿಮಿಷ ಅಂದಿದ್ದರು, ನಲವತ್ತೆಂಟು ಹಿಡಿಯಿತು. ಒಂದು ಮಗು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿತ್ತು. ಡ್ರೈವರ್ ಎರಡು ಸಲ ಹಿಂದೆ ತಿರುಗಿ ನನ್ನನ್ನೇ ನೋಡಿದರು, ಪಾಪ ಏನಂದುಕೊಂಡರೋ. ನಲವತ್ತೆಂಟು ನಿಮಿಷ ನಡೆಯುತ್ತೆ ಅಂತ ಯಜಮಾನರಿಗೆ ಫೋನ್ ಮಾಡಿದೆ.

ಆಮ್‌ಸ್ಟರ್‌ಡ್ಯಾಮ್ ಇನ್ನೂ ಬಂದಿಲ್ಲ. ಮಗಳು ಈಗ ಐದನೇ ಕ್ಲಾಸು, ಪಿವೈಪಿಯ ಕೊನೇ ವರ್ಷ. ಈ ವರ್ಷ ಮಕ್ಕಳೇ ಒಂದು ವಿಷಯ ಹಿಡಿದು ಎಕ್ಸಿಬಿಷನ್ ಮಾಡಬೇಕು. ಇವಳು ವರ್ತೂರು ಕೆರೆಯ ನೊರೆ ಹಿಡಿದಿದ್ದಾಳೆ. ದಿನಾ ಸಂಜೆ ಅಜ್ಜಿಗೆ ಕನ್ನಡದಲ್ಲಿ ವಿವರಿಸುತ್ತಾಳೆ, ಅಜ್ಜಿ ಪ್ರತಿ ವಾಕ್ಯಕ್ಕೂ ಒಂದು ಯಾಕೆ ಹಾಕುತ್ತಾರೆ. ರಸ್ತೆ ಅಗೆದಿದ್ದಾರೆ ಅಂತ ಬಸ್ಸು ಈಗ ಆರೂ ಐವತ್ತಕ್ಕೇ ಬರುತ್ತಿದೆ. ಶನಿವಾರದ ಪೇರೆಂಟ್ಸ್ ಮೀಟಿಂಗಿನಲ್ಲಿ ಅದನ್ನು ಎತ್ತಬೇಕು.